ಬೂದಿ ಬೆಳ್ಳಗಾಗುವವರೆಗೆ

ಗಾಳಿ ಏಳುವ ಮೊದಲೇ ಬೆಂಕಿ ಹಚ್ಚಬೇಕು. ಹುಕ್ಕೇರಿಯಲ್ಲಿ ತಂಬಾಕು ಕೂಡಿಡುವ ವಖಾರಿಯ ಹಿಂದೆ, ಇನ್ನೂ ನಸುಕಿರುವಾಗಲೇ, ಸಾತವ್ವ ಕಸ ಸುಡುವ ತಗ್ಗಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ತಂಬಾಕಿನ ಪುಡಿ, ಕಡ್ಡಿಗಳನ್ನು ಕೋಲಿನಿಂದ ಕೆದಕುತ್ತಾಳೆ. ಕಣ್ಣು ಮಾತ್ರ ಮತ್ತೆ ಮತ್ತೆ ಬೇಲಿಯ ಕಡೆ ಹೋಗುತ್ತದೆ.

ಸರಕಾರಕ್ಕೆ ಸುಂಕ ಕಟ್ಟದೆ ಈ ವಖಾರಿಯಿಂದ ಒಂದು ಎಲೆಯೂ ಹೊರಬೀಳುವಂತಿಲ್ಲ. ಮಾರಾಟಕ್ಕೆ ಬಾರದ ಕಸವನ್ನು ಸುಂಕದ ಸಿಪಾಯಿಯ ಎದುರಿಗೇ ಸುಡಬೇಕು. ಆ ಕೆಲಸ ಸಾತವ್ವನದು. ಹೊಸತರಲ್ಲಿ ಅವಳು, ಮನೆಯ ಒಲೆ ಆರಿಸುವ ರೂಢಿಯಂತೆ, ಹೊರಡುವ ಮುಂಚೆ ಬೆಂಕಿಗೆ ನೀರು ಚಿಮುಕಿಸಿಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ತಗ್ಗು ಗುಡಿಸಿಟ್ಟಂತಿತ್ತು. ಅರೆಸುಟ್ಟ ತಂಬಾಕನ್ನು ಪುಡಿ ಮಾಡಿದರೆ ಹೆಂಗಸರು ಹಲ್ಲಿಗೆ ತಿಕ್ಕುವ ಮಿಶ್ರಿಯಲ್ಲವೇ? ಓಣಿಯವರೆಲ್ಲ ಉಡಿ ತುಂಬಿಕೊಂಡು ಹೋಗಿದ್ದರು.

"ನಾ ಸುಟ್ಟೆ ಅಂದ್ಕೊಂಡಿದ್ದೆ ರಿ. ಓಣಿಗೆಲ್ಲಾ ಹುರದು ಕೊಟ್ಟಂಗಾತು," ಎಂದು ನನಗೆ ಹೇಳುತ್ತಾಳೆ.

ಈ ವರ್ಷ ಸುಂಕ ಏರಿದೆ. ಅಂಗಡಿಯ ಮಿಶ್ರಿ ತುಟ್ಟಿಯಾಗಿ, ಹೊತ್ತುಹೊತ್ತಿಗೆ ತಿಕ್ಕುತ್ತಿದ್ದವರು ಕಡಿಮೆ ಮಾಡಿದ್ದಾರೆ. ಅವರಲ್ಲಿ ಸಾತವ್ವನ ಮಗಳು ಸೀತವ್ವನೂ ಒಬ್ಬಳು. ಮೂಡಲಗಿಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಬಾಯಲ್ಲಿ ಮಿಶ್ರಿಯಿದ್ದರೆ ಅವಳಿಗೆ ಊಟವೇ ಬೇಡ. ಹೊಟ್ಟೆಯೊಳಗಿನ ಕೂಸು ಬೆಳೆದಿಲ್ಲ, ಆ ಚಟ ಬಿಡಿಸು ಎಂದು ದವಾಖಾನೆಯ ನರ್ಸಬಾಯಿ ಹೇಳಿ ಕಳಿಸಿದಂದಿನಿಂದ ಸಾತವ್ವನಿಗೆ ನಿದ್ದೆಯಿಲ್ಲ.

ಬೇಲಿಯಾಚೆ ನೆರೆಮನೆಯ ಬಾಳವ್ವ ಬಂದು ನಿಲ್ಲುತ್ತಾಳೆ. "ಏನವಾ ಸಾತಕ್ಕ, ಸರಕಾರದ ಸೊಸಿ ಆಗೀಯೇನ? ಒಂದ್ ಮುಷ್ಟಿ ಕೊಟ್ಟರ ಬೊಕ್ಕಸ ಬರಿದಾಕ್ಕೈತೇನ?"

"ಸೊಸಿ ಆಗಿದ್ರ ಕುಂತು ಉಣ್ತಿದ್ನೆವಾ. ನಡಿ, ಹೊಗಿ ಕುಡೀಬ್ಯಾಡ."

ಬಾಳವ್ವನ ಹಿಂದಿನಿಂದ ಸೀತವ್ವ ಮುಂದೆ ಬರುತ್ತಾಳೆ, ಕೈಯಲ್ಲಿ ಬಟ್ಟಲು. ಸಾತವ್ವನ ಕೋಲು ನಿಲ್ಲುತ್ತದೆ. ಬಸುರಿಯನ್ನು ಕಂಡು, ಕಾವಲು ನಿಂತ ಸುಂಕದ ಸಿಪಾಯಿ ಅಣ್ಣಪ್ಪ ಮೆಲ್ಲಗೆ ಮುಖ ಆಚೆ ತಿರುಗಿಸುತ್ತಾನೆ.

"ಯವ್ವಾ, ಚಿಟಿಕಿ ಸಾಕ. ಅಂಗಡ್ಯಾಂದು ತರಾಕ ಆಗವಲ್ದು."

"ಅದ ಒಂದು ನನಗ ಸಮಾಧಾನ ನೋಡವಾ."

ಸಾತವ್ವ ಕೆಂಡವನ್ನು ಪುಡಿಯ ಮೇಲೆಳೆದು ತಿರುವಿ ಹಾಕುತ್ತಾಳೆ. ಹೊಗೆಗೋ ಮತ್ತೆ ಯಾತಕ್ಕೋ, ಕಣ್ಣು ಒರೆಸಿಕೊಳ್ಳುತ್ತಾಳೆ. ಕರಿ ಹೋಗಿ ಎಲ್ಲ ಬೆಳ್ಳಗಾಗುವವರೆಗೂ ಏಳುವುದಿಲ್ಲ. ಸೀತವ್ವ ಖಾಲಿ ಬಟ್ಟಲಿನೊಂದಿಗೆ ಮನೆಯ ದಾರಿ ಹಿಡಿಯುತ್ತಾಳೆ. ಇನ್ನಾರ ಮನೆಯ ಬಾಗಿಲಿಗೆ ಹೋಗುತ್ತಾಳೋ ಎಂದು ತಾಯಿ ತಿರುವಿನವರೆಗೂ ನೋಡುತ್ತಾಳೆ.

ಸುಂಕ ಇನ್ನೂ ಏರಿದರೆ ವಖಾರಿಗೆ ಮಾಲು ಕಡಿಮೆಯಾಗುತ್ತದಲ್ಲ, ಆಗ ನಿನ್ನ ಕೆಲಸ? ಎಂದು ಕೇಳುತ್ತೇನೆ.

"ಹೋದ್ರ ಹೋಗ್ಲಿ ರಿ. ಕಬ್ಬಿನ ಹೊಲಕ್ಕ ಕಳೇವು ತಗ್ಯಾಕ ಹೋಗ್ತೀನಿ. ಆ ಸುಂಕದ ರೊಕ್ಕದಾಗ ಸರಕಾರದವ್ರು ದವಾಖಾನಿಗೆ ಇನ್ನೊಬ್ಬ ನರ್ಸಬಾಯಿನ ಕಳಸಲಿ. ನನ್ನ ಮೊಮ್ಮಗು ನಾಕು ಮನಿಗೆ ಕೇಳೂವಂಗ ಗಟ್ಟಿಯಾಗಿ ಅತ್ತರ ಸಾಕು."