ಕಣ್ಣೊರೆಸುವುದೂ ಒಂದು ಕೆಲಸ

ಬೆಳಗಿನ ಆರು ದಾಟಿ ಹತ್ತು ನಿಮಿಷ. ಅಕ್ಯುಪಂಕ್ಚರ್ ಸೂಜಿ ಚಿಕಿತ್ಸಾಲಯದ ಎರಡನೇ ಮಂಚದ ಮೇಲೆ ಬಸ್ ಚಾಲಕರೊಬ್ಬರು ಅಂಗಾತ ಮಲಗಿದ್ದಾರೆ. ಹುಬ್ಬಿನ ನಡುವೆ, ಕಿವಿಗಳಲ್ಲಿ, ಮಣಿಕಟ್ಟಿನಲ್ಲಿ, ಪಾದದಲ್ಲಿ ಎಂದು ಕೂದಲೆಳೆಯಷ್ಟು ಸಣ್ಣ ಹದಿನಾಲ್ಕು ಸೂಜಿಗಳು. ವೈದ್ಯರು ಹಾಕಿ ಪಕ್ಕದ ಕೋಣೆಗೆ ಹೋಗಿ ಐದು ನಿಮಿಷ ಆಗಿರಬಹುದು, ಚಾಲಕರ ಕಣ್ಣಂಚಿನಿಂದ ನೀರು ಇಳಿಯತೊಡಗುತ್ತದೆ. ಒರೆಸಿಕೊಳ್ಳೋಣವೆಂದರೆ ಕೈ ಎತ್ತುವಂತಿಲ್ಲ. ಬಿಟ್ಟರೆ ನೀರು ನೆಟ್ಟಗೆ ಕಿವಿಗೆ, ಅಲ್ಲಿಯೂ ಸೂಜಿ! ಐವತ್ತು ದಾಟಿದ ಗಂಡಸು, ಪಾಪ, ಛಾವಣಿ ನೋಡುತ್ತ ತುಟಿ ಕಚ್ಚಿಕೊಂಡಿದ್ದಾರೆ.

ಸ್ಟೂಲಿನ ಮೇಲೆ ಕುಳಿತ ಹೆಂಗಸು ಬಾಗಿ, ಮಡಿಸಿದ ಹತ್ತಿ ಬಟ್ಟೆಯನ್ನು ಅವರ ಕಣ್ಣಂಚಿಗೆ ಮೆಲ್ಲಗೆ ಒತ್ತುತ್ತಾರೆ. "ಅಳಿ ಅಣ್ಣಾ, ನಾಚಿಕೆ ಏನಿಲ್ಲ. ಒರೆಸೋಕೆ ನಾನಿದೀನಿ. ಕೈ ಮಾತ್ರ ಎತ್ಬೇಡಿ."

ಇವರನ್ನು ಎಲ್ಲರೂ ಕರೆಯುವುದು ಸೂಜಿಯಕ್ಕ ಎಂದು. ತಮಾಷೆ ನೋಡಿ, ಹತ್ತೊಂಬತ್ತು ವರ್ಷದಲ್ಲಿ ಇವರು ಒಬ್ಬರಿಗೂ ಒಂದು ಸೂಜಿ ಚುಚ್ಚಿದವರಲ್ಲ. ನೆಲ ಒರೆಸಲು ಸೇರಿದವರು. ಮಂಚಕ್ಕೆ ಹಾಸುವುದು, ಬಿಸಿನೀರಿನಲ್ಲಿ ಕಾಲಿಡಿಸುವುದು, ಉಸಿರು ಎಳೆದು ಬಿಡುವುದನ್ನು ಹೇಳಿಕೊಡುವುದು, ಇಪ್ಪತ್ತೈದು ನಿಮಿಷ ಪಕ್ಕದಲ್ಲಿ ಕೂರುವುದು, ಕೊನೆಗೆ ಸೂಜಿ ತೆಗೆದು ಎಣಿಸುವುದು ಒಂದೊಂದಾಗಿ ಇವರ ಪಾಲಿಗೆ ಬಂದವು. ನಾಲ್ಕು ಮಂಚ, ದಿನಕ್ಕೆ ಸುಮಾರು ಮೂವತ್ತು ಜನ, ಹೆಚ್ಚುಕಮ್ಮಿ ನಾನೂರು ಸೂಜಿ. ಹಾಕಿದ್ದೆಷ್ಟೋ ತೆಗೆದದ್ದೂ ಅಷ್ಟೇ ಇರಬೇಕು. ಒಮ್ಮೆ ಒಂದು ಸೂಜಿ ಗೃಹಿಣಿಯೊಬ್ಬರ ಕೂದಲಿನೊಳಗೆ ಉಳಿದು ಹೋಗಿತ್ತಂತೆ. ಇವರು ಚಪ್ಪಲಿಯನ್ನೂ ಹಾಕಿಕೊಳ್ಳದೆ ಬೀದಿ ತುದಿಯವರೆಗೆ ಓಡಿ ಆಕೆಯನ್ನು ಹಿಡಿದಿದ್ದರು.

ಬರುವವರಲ್ಲಿ ಅರ್ಧದಷ್ಟು ಜನ ಬೆನ್ನುನೋವಿನವರು. ಉಳಿದವರದು ಹೊರಗೆ ಕಾಣದ ನೋವು: ನಿದ್ದೆ ಬಾರದವರು, ಎದೆ ಸುಮ್ಮಸುಮ್ಮನೆ ಡವಡವ ಎನ್ನುವವರು, ಬೆಳಗಾಯಿತೆಂದರೆ ಯಾಕಾದರೂ ಆಯಿತೋ ಎನ್ನುವವರು. "ಮನೇಲಿ ಅತ್ರೆ ಯಾಕೆ ಅಂತ ಕೇಳ್ತಾರೆ. ಇಲ್ಲಿ ಯಾರೂ ಕೇಳಲ್ಲ. ಅದಕ್ಕೇ ಇಲ್ಲಿ ಅಳ್ತಾರೆ" ಎನ್ನುತ್ತಾರೆ ಸೂಜಿಯಕ್ಕ. ಮನೆಯಲ್ಲಿ ಯಜಮಾನರದು ಬೇರೆಯೇ ದೂರು: "ಊರೋರ ಕಣ್ಣೆಲ್ಲ ಒರೆಸ್ತಾಳೆ, ನನಗೆ ಶೀತ ಆದ್ರೆ ಮೂಗು ನಾನೇ ಒರೆಸ್ಕೋಬೇಕು."

ಇಷ್ಟಾದರೂ ಇವರು ಎಲ್ಲರಿಗೂ ಅಚ್ಚುಮೆಚ್ಚು ಎಂದುಕೊಳ್ಳಬೇಡಿ. ಮನಸ್ಸಿನ ಕಾಯಿಲೆಗೆ ಬೇರೆ ಆಸ್ಪತ್ರೆಯ ಮಾತ್ರೆ ನುಂಗುತ್ತಿರುವವರು ಸ್ಟ್ರಿಪ್ ತಂದು ತೋರಿಸಲೇಬೇಕು. ಖಾಲಿಯಾದ ಗುಳಿಗಳನ್ನು ಬೆರಳಿನಿಂದ ಎಣಿಸುತ್ತಾರೆ. ಲೆಕ್ಕ ತಪ್ಪಿತೋ, ಮಂಚಕ್ಕೆ ಹಾಸುವುದಿಲ್ಲ. "ನೀವೇನು ಡಾಕ್ಟ್ರಾ?" ಎಂದು ರೇಗಿದವರಿದ್ದಾರೆ, ಬೈದುಕೊಂಡು ಮೆಟ್ಟಿಲಿಳಿದವರಿದ್ದಾರೆ. ಇವರು ಸೊಪ್ಪು ಹಾಕುವುದಿಲ್ಲ. ವೈದ್ಯರೂ ತಡೆಯುವುದಿಲ್ಲ. "ನಮ್ಮ ಸೂಜಿಯಿಂದ ಕೆಲವರಿಗೆ ನಿದ್ದೆ ಬರುತ್ತೆ, ಮೈ ಹಗುರ ಆಗುತ್ತೆ. ಮಾತ್ರೆ ಬಿಡಿ ಅನ್ನೋ ಹಕ್ಕು ನನಗಿಲ್ಲ" ಎನ್ನುತ್ತಾರೆ ಅವರು.

ಇವತ್ತು ಸಿಕ್ಕಿಬಿದ್ದವಳು ಹೊಲಿಗೆ ಕಾರ್ಖಾನೆಯ ಹೆಂಗಸು. ಮೂವತ್ತರ ಆಸುಪಾಸು, ಎರಡು ಮಕ್ಕಳ ತಾಯಿ. ಎಂಟು ಸಲ ಸೂಜಿ ಹಾಕಿಸಿಕೊಂಡು ಮುಖದಲ್ಲಿ ಕಳೆ ಬಂದಿದೆ. ಸ್ಟ್ರಿಪ್ ಮಾತ್ರ ತುಂಬಿದ್ದು ತುಂಬಿದ ಹಾಗೇ ಇದೆ.

"ಹತ್ತು ದಿನದಿಂದ ಬಿಟ್ಟಿದೀನಿ. ಚೆನ್ನಾಗೇ ಇದೀನಲ್ಲ ಅಕ್ಕಾ? ಸೂಜಿನೇ ಸಾಕು."

ಸೂಜಿಯಕ್ಕ ಕೈಯಲ್ಲಿದ್ದ ಹಾಸನ್ನು ಮಡಿಸಿಟ್ಟು, ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂರುತ್ತಾರೆ. ಇಷ್ಟು ವರ್ಷ ಯಾವ ರೋಗಿಗೂ ಹೇಳದ್ದನ್ನು ಹೇಳುತ್ತಾರೆ.

ಹನ್ನೊಂದು ವರ್ಷದ ಹಿಂದಿನ ಮಾತು. ಇವರ ತಮ್ಮ ಶಾಲೆಯ ವ್ಯಾನು ಓಡಿಸುತ್ತಿದ್ದ. ಖಿನ್ನತೆ ಹಿಡಿದು ಮಂಕಾಗಿ, ಆಸ್ಪತ್ರೆಯ ಮಾತ್ರೆ ನುಂಗುತ್ತಿದ್ದವನನ್ನು ಅಕ್ಕನೇ ಇಲ್ಲಿಗೆ ಕರೆತಂದರು. ಹತ್ತು ಸಲ ಆಗುವಷ್ಟರಲ್ಲಿ ಹುಡುಗ ನಿದ್ದೆ ಮಾಡಿದ, ನಕ್ಕ. ಒಂದು ಮಧ್ಯಾಹ್ನ ಉಣ್ಣುತ್ತ ಕೇಳಿದ: "ಅಕ್ಕಾ, ಇನ್ನು ಆ ಮಾತ್ರೆ ಬೇಕಾ?"

"ನಾನೇನು ಓದಿದೋಳಾ? ಆದ್ರೂ ಉತ್ತರ ಹೇಳ್ಬಿಟ್ಟೆ. ಸೂಜಿನೇ ಸಾಕು ಬಿಡೋ ಅಂದೆ. ವೈದ್ಯರನ್ನ ಒಂದು ಮಾತು ಕೇಳ್ಲಿಲ್ಲ. ಅವನು ಬಿಟ್ಟ. ಆಮೇಲೆ ಒಳಗೊಳಗೇ ಕುಸಿದಿದಾನೆ, ನನಗೆ ಗೊತ್ತಾಗ್ಲಿಲ್ಲ. ಅಕ್ಕನ ಮಾತು ಸುಳ್ಳಾಗಬಾರ್ದು ಅಂತಿರ್ಬೇಕು, ನನ್ನ ಮುಂದೆ ನಗ್ತಾನೇ ಇದ್ದ."

ಆರನೇ ವಾರ ಅವನು ತಾನೇ ತನ್ನ ಜೀವ ತೆಗೆದುಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತು ಒಡೆದರೆ ಇನ್ನೊಂದು ತಂದುಕೊಳ್ಳಬಹುದು. ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆ ಈ ಹೆಣ್ಣುಮಗಳು ಹನ್ನೊಂದು ವರ್ಷದಿಂದ ಬೇಯುತ್ತಿದ್ದಾರೆ. ಹೊಲಿಗೆಯ ಹೆಂಗಸು ಸ್ಟ್ರಿಪ್ಪನ್ನು ಚೀಲದೊಳಗೆ ಹಾಕಿಕೊಂಡು ಏಳುತ್ತಾಳೆ. ಬಾಗಿಲವರೆಗೆ ಹೋಗಿ ನಿಂತು, ತಿರುಗಿ ನೋಡದೆಯೇ ಹೇಳುತ್ತಾಳೆ: "ಆಸ್ಪತ್ರೆಗೆ ಒಬ್ಳೇ ಹೋಗೋಕೆ ಭಯ. ಯಾಕೆ ಬಿಟ್ಟೆ ಅಂತ ಬೈತಾರೇನೋ."

"ಬೈದ್ರೆ ಇಬ್ರೂ ಬೈಸ್ಕೊಳ್ಳೋಣ, ನಡಿ."

ವೈದ್ಯರು ಅರ್ಧ ದಿನ ರಜೆ ಕೊಡುತ್ತಾರೆ. ಮನೋರೋಗ ವಿಭಾಗದ ಉದ್ದನೆಯ ಬೆಂಚಿನ ಮೇಲೆ ಇಬ್ಬರೂ ಒಂದೂವರೆ ಗಂಟೆ ಕಾಯುತ್ತಾರೆ. ಮುಂದಿನ ಸರದಿ ಇವರದೇ ಎನ್ನುವಾಗ ಹೆಂಗಸು ಸೂಜಿಯಕ್ಕನ ಮುಂಗೈ ಹಿಡಿಯುತ್ತಾಳೆ.

"ಅಕ್ಕಾ, ನನಗಿದು ಪೂರ್ತಿ ವಾಸಿ ಆಗುತ್ತಾ?"

ಆಗುತ್ತೆ ಎಂದುಬಿಡುವುದು ಎಷ್ಟು ಸಲೀಸು! ಸೂಜಿಯಕ್ಕ ಬಾಯಿ ತೆರೆದು, ತಡೆದು, ಉಸಿರೆಳೆದುಕೊಳ್ಳುತ್ತಾರೆ. "ನನಗೆ ಗೊತ್ತಿಲ್ಲಮ್ಮ. ಒಳಗೆ ಕೇಳೋಣ."

ಯಾರೂ ಬೈಯಲಿಲ್ಲ. ಮಾತ್ರೆ ಮತ್ತೆ ಶುರುವಾಗಿದೆ, ಹದಿನೈದು ದಿನಕ್ಕೆ ಮತ್ತೆ ತೋರಿಸಬೇಕು, ಬೇಕಿದ್ದರೆ ಸೂಜಿಯೂ ಜೊತೆಗೆ ನಡೆಯಲಿ ಎಂದಿದ್ದಾರೆ ಅಲ್ಲಿನ ವೈದ್ಯರು. ಆಕೆಯನ್ನು ಬಸ್ ಹತ್ತಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಚಿಕಿತ್ಸಾಲಯದ ಕಡೆ ಹೆಜ್ಜೆ ಹಾಕುತ್ತ ಸೂಜಿಯಕ್ಕ ಹೇಳುತ್ತಾರೆ:

"ಪೇಪರ್‌ನಲ್ಲಿ ಬರೆಯೋಂಥ ಕೆಲಸ ಏನಲ್ಲ ನಂದು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನೋದು ಕಲಿತಿದೀನಿ, ಅಷ್ಟೇ. ಅದನ್ನ ಕಲಿಯೋಕೆ ನನಗೆ ಒಬ್ಬ ತಮ್ಮನ ಜೀವ ಬೇಕಾಯ್ತು."