ಉಪ್ಪಾರಹಳ್ಳಿಯಿಂದ ಬಂದ ಕಾಗದ

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಕುಣಿಗಲ್ಲಿನಲ್ಲಿ ಡಾಕ್ಟರಾಗಿದ್ದ ನನಗೆ ತುಮಕೂರಿನ ಉಪ್ಪಾರಹಳ್ಳಿಯಿಂದ ಒಂದು ಕಾಗದ ಬಂತು. ಹಿಂದಿನ ವರ್ಷ ತೀರಿಕೊಂಡ ಅಲ್ಲಿನ ಹಿರಿಯ ಸರ್ಜನ್ನರು ತಮ್ಮ ದುಡಿಮೆಯ ಹೆಚ್ಚಿನ ಪಾಲನ್ನು ಎಳೆಯ ಸರ್ಜನ್ನರ ತರಬೇತಿಗೆಂದು ಬರೆದಿಟ್ಟಿದ್ದರು. ಆ ಹಣಕ್ಕೆ ಮೊದಲು ಆರಿಸಿದ್ದು ನನ್ನನ್ನಂತೆ. ಎರಡು ಸಲ ಓದಿದರೂ ತಲೆಬುಡ ಅರ್ಥವಾಗಲಿಲ್ಲ. ಅವರ ಕೈಕೆಳಗೆ ಆರು ತಿಂಗಳಿದ್ದಾಗ ನನ್ನನ್ನು ಬ್ಲೇಡು ಮುಟ್ಟಲು ಬಿಟ್ಟವರೇ ಅಲ್ಲ ಆ ಮಹಾನುಭಾವರು. ‘ಹೆಣ್ಮಕ್ಕಳಿಗೆ ಯಾಕಮ್ಮ ಇದು? ಹೆರಿಗೆ ವಾರ್ಡಿಗೆ ಹೋಗು’ ಅಂದುಬಿಟ್ಟಿದ್ದರು. ಆ ಸಿಟ್ಟು ನನಗಿನ್ನೂ ಆರಿರಲಿಲ್ಲ.

ಗುಬ್ಬಿಯಲ್ಲಿದ್ದ ಅಪ್ಪ, ‘ಸುಮ್ನೆ ತಗೊಳೇ, ಯಾಕೆ ಏನು ಅಂತ ಕೆದಕಬೇಡ’ ಅಂದರು. ಕೆದಕದಿದ್ದರೆ ನಾನು ನಾನಾಗುತ್ತೇನೆಯೇ? ಭಾನುವಾರ ತುಮಕೂರಿನ ಬಸ್ಸು ಹತ್ತಿದೆ.

ಬಾಗಿಲು ತೆರೆದವರು ಸರ್ಜನ್ನರ ಹೆಂಡತಿ. ಒಳಗೆ ಕೂರಿಸಿ ಕಾಫಿ ಕೊಟ್ಟರು. ‘ನನ್ನ ಹೆಸರನ್ನ ಸಾರೇ ಬರೆದಿದ್ರಾ ಅಮ್ಮಾ?’ ಎಂದು ಕೇಳಿದೆ.

‘ಅವ್ರೆಲ್ಲಿ ಬರೀತಾರೆ. ಆರಿಸೋದು ನನಗೆ ಬಿಟ್ಟಿದ್ರು. ಅವ್ರ ಹತ್ರ ಕಲಿತೋರಲ್ಲಿ ಹೆಣ್ಣು ಅಂತ ಇದ್ದವ್ಳು ನೀನೊಬ್ಳೇ.’

ನನ್ನ ಮುಖ ಇಳಿದುಹೋಯಿತು. ಕೈಚಳಕ ನೋಡಿ ಅಲ್ಲ, ಹೆಣ್ಣೆಂದು! ಖುಷಿಪಡಬೇಕೋ ಎದ್ದು ಹೋಗಬೇಕೋ ತಿಳಿಯದೆ ಕೂತಿದ್ದೆ. ಅಷ್ಟರಲ್ಲಿ ಅವರು ಬಾಗಿಲಿಗೆ ಚಿಲಕ ಹಾಕಿ ಬಂದು, ನನ್ನ ಕೈ ಹಿಡಿದು ತಮ್ಮ ಎಡಮೊಲೆಯ ಮೇಲಿಟ್ಟುಕೊಂಡರು. ಗಟ್ಟಿ ಗಂಟು.

‘ಯಾವಾಗಿಂದ ಅಮ್ಮಾ ಇದು?’

‘ಅವ್ರು ಇದ್ದಾಗಿಂದ್ಲೂ.’

‘ಅವರಿಗೂ ತೋರಿಸಲಿಲ್ವಾ?’

‘ತೋರಿಸಿದ್ರೆ ಅವ್ರೇ ಕೊಯ್ಯೋರು. ಅವ್ರ ಹುಡುಗ್ರೆಲ್ಲ ಸುತ್ತ ನಿಂತು ನೋಡೋರು. ನಾಚ್ಕೆ ಆಯ್ತು ಕಣೇ. ನೀನು ಕಲಿತು ಬಂದು ತೆಗಿ.’

ಮರುಕವೂ ಬಂತು, ಕೋಪವೂ ಬಂತು. ಊರವರನ್ನೆಲ್ಲ ಉಳಿಸಿದವರ ಮನೆಯೊಳಗೇ ಇಂಥದ್ದೊಂದು ಬೆಳೆದಿತ್ತಲ್ಲ. ಯಾರ ಮೇಲೆ ರೇಗಬೇಕೆಂದೇ ಗೊತ್ತಾಗಲಿಲ್ಲ. ‘ಕಲಿಯೋಕೆ ಮೂರು ವರ್ಷ ಬೇಕಮ್ಮ’ ಎಂದೆ.

‘ಕಾಯ್ತೀನಿ.’

‘ನೀವು ಕಾಯ್ತೀರ, ಇದು ಕಾಯಲ್ಲ. ನಾಳೆನೇ ಆಸ್ಪತ್ರೆಗೆ ಹೋಗೋಣ, ನಾನೂ ಜೊತೆಗಿರ್ತೀನಿ. ಬರಲ್ಲ ಅಂದ್ರೆ ನೀವು ಕೊಡೋ ಓದಿನ ದುಡ್ಡು ನನಗೆ ಬೇಡ.’

ಅವರು ಸೆರಗು ಸರಿಮಾಡಿಕೊಂಡರು. ಆಮೇಲೆ, ‘ಬರ್ತೀನಿ ಬುಡು’ ಎಂದರು. ಮತ್ತೆ ಕೇಳಿದರು: ‘ತಡ ಆಗೋಗಿದ್ಯಾ?’

ಇನ್ನೊಮ್ಮೆ ಗಂಟನ್ನು ಮುಟ್ಟಿ ನೋಡಿದೆ, ಅಲ್ಲಿಗೂ ಹಬ್ಬಿದೆಯೇ ಎಂದು ಕಂಕುಳಲ್ಲೂ ತಡಕಿ ನೋಡಿದೆ. ಏನೂ ತಿಳಿಯಲಿಲ್ಲ. ಅಷ್ಟು ನಾನಿನ್ನೂ ಕಲಿತಿರಲಿಲ್ಲ.