ಒಂದು ಸಣ್ಣ ಜ್ವರಕ್ಕೆ ಹರಕೆ

ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಹೆಂಗಸರು ಬರೆದ ಕಾದಂಬರಿಗಳೆಂದರೆ ನನಗೆ ಪ್ರಾಣ. ಹಾಗೆಂದು ಗೇಲಿ ಮಾಡದೆ ಬಿಟ್ಟವಳೂ ಅಲ್ಲ. ಎಷ್ಟೋ ಕಥೆಗಳಲ್ಲಿ ಹುಡುಗಿ ಒಳ್ಳೆಯ ಹುಡುಗನನ್ನು ಬೇಡವೆನ್ನುತ್ತಾಳೆ, ಅವನಿಗೆ ದೇವರಲ್ಲಿ ನಂಬಿಕೆಯಿಲ್ಲವೆಂದು. ಕೊನೆಗೆ ಅವನಿಗೆ ಜ್ವರ ಬರುತ್ತದೆ, ಹಾಸಿಗೆಯಲ್ಲೇ ಭಕ್ತಿ ಹುಟ್ಟುತ್ತದೆ, ಮದುವೆಯಾಗುತ್ತದೆ. "ಬರೆದವಳಿಗೆ ಬೇರೆ ದಾರಿ ತೋಚದೆ ಬಡಪಾಯಿಯನ್ನು ಮಲಗಿಸಿದ್ದಾಳೆ" ಎಂದು ಇಲ್ಲಿ ಗಲ್ಫಿನಲ್ಲಿ, ಅಲ್ ಕುಸೈಸ್‌ನ ಶಾಲೆಯಲ್ಲಿ ಪಾಠ ಮಾಡುವಾಗ ಮಕ್ಕಳನ್ನು ನಗಿಸುತ್ತಿದ್ದೆ. ಮನೆಯಲ್ಲಿ ಮಗಳೂ ಅವನ್ನೇ ಓದಿ ಬೆಳೆದಳು.

ಹೋದ ಚಳಿಗಾಲದಲ್ಲಿ ಬನಿಯಾಸ್‌ನಿಂದ ಒಬ್ಬ ಇಂಜಿನಿಯರ್ ಹುಡುಗ ತಾಯಿಯೊಡನೆ ಅವಳನ್ನು ನೋಡಲು ಬಂದ. ಜಾತಕ, ವೀಸಾ, ಸಂಬಳ ಎಲ್ಲವನ್ನೂ ನಾವು ಮೊದಲೇ ವಿಚಾರಿಸಿಯಾಗಿತ್ತು. ಗೋಳಿಬಜೆಯ ತಟ್ಟೆ ಇಟ್ಟವಳೇ ಮಗಳು ಕೇಳಿಬಿಟ್ಟಳು: "ನಿಮಗೆ ದೇವರಲ್ಲಿ ನಂಬಿಕೆ ಉಂಟಾ?"

"ಇಲ್ಲ," ಎಂದ ಹುಡುಗ. "ಅಮ್ಮನಿಗೂ ಈಗಲೇ ಗೊತ್ತಾಗುದು."

ಅವನ ತಾಯಿ ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗೇ ವಾಪಸು ಹಾಕಿದರು.

ಒಂದು ವಾರ ಯೋಚಿಸುತ್ತೇನೆ ಎಂದಳು ಮಗಳು. ಆ ವಾರ ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಹುಡುಗ ಅಪ್ಪಟ ಚಿನ್ನ, ಬಿಟ್ಟರೆ ಸಿಗುವವನಲ್ಲ. ಆದರೆ ಆ ಮನೆಯಲ್ಲಿ ದೇವರಿಗೆ ದೀಪ ಹಚ್ಚುವವರು ಯಾರು? ನಮ್ಮವಳೂ ಅವನ ಜೊತೆ ಸೇರಿ ಎಲ್ಲ ಬಿಟ್ಟುಬಿಟ್ಟರೆ? ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಶನಿವಾರ ದೇವಸ್ಥಾನಕ್ಕೆ ಹೊರಟೆ. ನಮ್ಮವರು ಎಂದಿನಂತೆ, "ಪಾರ್ಕಿಂಗ್ ಸಿಗುದಿಲ್ಲ, ನೀನು ಹೋಗಿ ಬಾ," ಎಂದು ಕಾರಿನಲ್ಲೇ ಕೂತರು. ದೇವರ ಮುಂದೆ ಕಣ್ಣು ಮುಚ್ಚಿದರೆ ಬಾಯಿಗೆ ಬಂದದ್ದೇನು? ಸ್ವಾಮೀ, ಆ ಹುಡುಗನಿಗೆ ಒಂದು ಸಣ್ಣ ಜ್ವರ ಬರಲಿ, ದೊಡ್ಡದು ಬೇಡ, ಬುದ್ಧಿ ಬಂದರೆ ಹೂವಿನ ಪೂಜೆ ಮಾಡಿಸುತ್ತೇನೆ. ನನಗೇ ನಾಚಿಕೆಯಾಯಿತು. ಹರಕೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದಾಗ ಮಗಳು ಫೋನ್ ಕೆಳಗಿಟ್ಟು ಹೇಳಿದಳು, "ಅಮ್ಮ, ನಾನು ಒಪ್ಪಿದೆ."

"ಮತ್ತೆ ದೀಪ?"

"ನಾನೇ ಹಚ್ತೇನೆ. ಅವರು ಬೇಡ ಅನ್ನುದಿಲ್ಲ. ದೇವಸ್ಥಾನಕ್ಕೂ ಕರ್ಕೊಂಡು ಹೋಗ್ತಾರಂತೆ, ಅಪ್ಪನ ಹಾಗೆ ಕಾರಲ್ಲೇ ಕೂತ್ಕೊಳ್ತಾರಂತೆ."

"ಅಪ್ಪನಿಗೆ ಪಾರ್ಕಿಂಗ್ ಸಿಗುದಿಲ್ಲ ಮಾರಾಯ್ತಿ!"

ಅವಳು ನನ್ನನ್ನೇ ನೋಡಿದಳು. "ಈಗಿನ ಹೊಸ ದೇವಸ್ಥಾನದಲ್ಲಿ ಅಷ್ಟು ದೊಡ್ಡ ಪಾರ್ಕಿಂಗ್ ಉಂಟಲ್ಲ ಅಮ್ಮ."

ಮಗಳು ಮೊದಲ ದಿನವೇ ಕೇಳಿದ್ದನ್ನು ಇಷ್ಟು ವರ್ಷ ಸಂಸಾರ ಮಾಡಿದ ನಾನು ಒಮ್ಮೆಯೂ ಕೇಳಿರಲಿಲ್ಲ. ತಿರುಗಿ ನೋಡಿದೆ. ಸೋಫಾದಲ್ಲಿದ್ದ ನಮ್ಮವರು ಟಿವಿಯ ಸದ್ದು ಜಾಸ್ತಿ ಮಾಡಿದರು.